‘ಯೆಸ್ಟರ್‌ಡೇ’ : ಒಂದು ಪ್ರೇಮಗೀತೆಯ ಕಥೆ

ಪಾಶ್ಚಾತ್ಯರ ವಾದ್ಯತಂಡಗಳ ಹಾಡೆಂದರೆ ಬರಿಯ ಗದ್ದಲವೆಂಬ ಭಾವನೆ ನಮ್ಮಲ್ಲಿ ಅನೇಕರಿಗುಂಟು. ಅದು ಪೂರ್ತಿ ನಿಜವಲ್ಲವೆಂಬುದಕ್ಕೆ ಇಂಗ್ಲೆಂಡಿನ ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ ಎಂಬ ಹಾಡೇ ಸಾಕ್ಷಿ. ಹೆಸರಿನ ಅರ್ಥ ‘ನಿನ್ನೆ’ ಎಂದು. ಪ್ರಿಯೆ ಅಗಲಿದ ಮೇಲೆ ನಿನ್ನೆಯ ಸುಖವನ್ನು ನೆನೆಯುವವನ ಅಳಲು ಇದರ ವಸ್ತು. ನಿಧಾನ ನಡೆಯ ಇಂಥ ಪ್ರೇಮಗೀತೆಗೆ ಅವರಲ್ಲಿ ‘ಬ್ಯಾಲಡ್’ ಎಂದು ಹೆಸರು.

ತಂಡದ ನಾಲ್ವರೂ ಲಿವರ್‌ಪೂಲ್ ಬಂದರಿನ ತರುಣರು. ಅವರಲ್ಲೊಬ್ಬರಾದ ಪಾಲ್ ಮೆಕಾರ್ಟ್ನಿಯವರು ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದರಲ್ಲಿ ಒಂದು ಬೆಳಿಗ್ಗೆ ಎದ್ದಾಗ ಈ ಧಾಟಿ ಮನಸ್ಸಿನಲ್ಲಿ ಸಿದ್ಧವಾಗಿಯೇ ಇತ್ತಂತೆ. ಕೂಡಲೇ ಪಿಯಾನೋ ಮೇಲೆ ನುಡಿಸಿ ನೋಡಿದರು. ಆದರೆ ಸಂತೋಷಕ್ಕಿಂತ ಸಂಶಯವೇ ಹೆಚ್ಚಾಯಿತು. ಇಷ್ಟು ಸಲೀಸಾಗಿ ಬಂದದ್ದು ತನ್ನದು ಹೇಗಾದೀತು, ಎಲ್ಲಿಯೋ ಕೇಳಿದ್ದಿರಬೇಕು ಎಂದು ಕೆಲವು ವಾರಗಳ ಕಾಲ ಕಂಡ ಕಂಡ ಸಂಗೀತಗಾರರನ್ನೆಲ್ಲ ಕೇಳಿದರು. ದಾರಿಯಲ್ಲಿ ಸಿಕ್ಕಿದ ವಸ್ತುವನ್ನು ಪೋಲೀಸು ಠಾಣೆಗೆ ಒಪ್ಪಿಸಿ, ವಾರಸುದಾರರು ಬಾರದಿದ್ದರೆ ಮರಳಿ ಪಡೆಯುವಂತೆ, ಎಂದು ಅವರೇ ಹೇಳಿಕೊಂಡಿದ್ದಾರೆ. ಯಾರೂ ‘ನಮ್ಮದು’ ಎನ್ನಲಿಲ್ಲ.

ಧಾಟಿಯೇನೋ ಉಳಿಯಿತು, ಮಾತುಗಳಿರಲಿಲ್ಲ. ಅಳತೆಗೆಂದು ಕಲಸಿ ಹುರಿದ ಮೊಟ್ಟೆಯ ಮೇಲೆ ತಮಾಷೆಯ ಸಾಲು ಕಟ್ಟಿಕೊಂಡು ಹಾಡುತ್ತಿದ್ದರು. 1965ರ ಮೇ ತಿಂಗಳಲ್ಲಿ ಪೋರ್ಚುಗಲ್ ದೇಶದ ಪ್ರಯಾಣದ ದಾರಿಯಲ್ಲಿ ನಿಜವಾದ ಮಾತುಗಳು ಹೊಳೆದವು.

1965ರ ಜೂನ್ 14ರಂದು ಲಂಡನ್ನಿನ ಅಬ್ಬೆ ರಸ್ತೆಯ ಸ್ಟುಡಿಯೋದಲ್ಲಿ ಮುದ್ರಣವಾಯಿತು. ಅದೇ ದಿನ ಗಂಟಲು ಹರಿಯುವಂಥ ಇನ್ನೊಂದು ಹಾಡನ್ನು ಹಾಡಿದ ಅದೇ ಕಂಠ ಇದನ್ನೂ ಹಾಡಿತು! ಉಳಿದ ಮೂವರು ಇದರಲ್ಲಿ ನುಡಿಸಲೇ ಇಲ್ಲ. ಪಾಲ್ ಅವರ ಗಿಟಾರಿನೊಡನೆ ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೋ ಇರಲೆಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಸೂಚಿಸಿದರು. ಹಾಡು ಅತಿ ಭಾವುಕವಾದೀತೆಂದು ಪಾಲ್ ಮೊದಲು ಹಿಂಜರಿದರಂತೆ.

ಇದರ ಕಟ್ಟಡದಲ್ಲಿಯೂ ಒಂದು ವಿಶೇಷವುಂಟು. ಇಂಥ ಹಾಡುಗಳ ಚರಣ ಸಾಮಾನ್ಯವಾಗಿ ಎಂಟು ಆವರ್ತಗಳದು, ಇದರದು ಏಳೇ. ನಾವು ಎಂಟನೆಯದನ್ನು ನಿರೀಕ್ಷಿಸುವಷ್ಟರಲ್ಲಿ ಮುಂದಿನ ಚರಣ ಆರಂಭವಾಗಿರುತ್ತದೆ. ಏನನ್ನೋ ಕಳೆದುಕೊಂಡವನ ಹಾಡಿಗೆ ಈ ಕೊರತೆ ಒಪ್ಪುತ್ತದೆಂದೇ ನಮಗೆ ತೋರುತ್ತದೆ. ಇಡೀ ಹಾಡು ಎರಡು ನಿಮಿಷಕ್ಕಿಂತ ತುಸುವೇ ಹೆಚ್ಚು.

ಆ ವರ್ಷವೇ ಅಮೆರಿಕದಲ್ಲಿ ಇದು ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ಬ್ರಿಟನ್ನಿನಲ್ಲಿ ಬಿಡಿ ತಟ್ಟೆಯಾಗಿ ಹೊರಬಂದದ್ದು 1976ರಲ್ಲಿ, ತಂಡ ಒಡೆದ ಮೇಲೆ. ಹಿಂದಿನ ಒಪ್ಪಂದದ ಮೇರೆಗೆ ಕರ್ತೃಗಳೆಂದು ‘ಲೆನನ್–ಮೆಕಾರ್ಟ್ನಿ’ ಎಂಬ ಜೋಡಿ ಹೆಸರೇ ಅಚ್ಚಾಗುತ್ತದೆ. ತಮ್ಮ ಹೆಸರು ಮೊದಲು ಬರಲೆಂದು ಪಾಲ್ ಅವರು ಮುಂದೆ ಕೇಳಿಕೊಂಡರೂ ಲೆನನ್ನರ ಪತ್ನಿ ಒಪ್ಪಲಿಲ್ಲ. ‘ಇದು ಯಾರದು?’ ಎಂದು ಊರೆಲ್ಲ ಕೇಳಿದವರಿಗೆ, ‘ನನ್ನದು’ ಎನ್ನುವುದೇ ಕಷ್ಟವಾಯಿತು.

ಪಾಲ್ ಅವರ ತಾಯಿ, ದಾದಿಯಾಗಿದ್ದವರು, 1956ರಲ್ಲಿ ತೀರಿಕೊಂಡಾಗ ಮಗನಿಗೆ 14 ವರ್ಷ. ಬರೆಯುವಾಗ ತಿಳಿಯದಿದ್ದರೂ ಆ ದುಃಖವೇ ಈ ಹಾಡಿನಲ್ಲಿ ಸೇರಿರಬಹುದೆಂದು ಅವರು ಬಹಳ ವರ್ಷಗಳ ಮೇಲೆ ಹೇಳಿದ್ದುಂಟು. ಊರು ಬಿಟ್ಟು ಬಂದ ನಮ್ಮಂಥವರಿಗೆ ಇದರ ವಿವರಣೆ ಬೇಡ. ಇಂಗ್ಲಿಷ್ ಬಾರದ ಬಂಧುಗಳೂ ಒಮ್ಮೆ ಕೇಳಿ ನೋಡಲಿ. ಮಾತು ತಿಳಿಯದಿದ್ದರೂ ನಿನ್ನೆ ಎಂಬುದು ಎಲ್ಲರಿಗೂ ಇದ್ದೇ ಇದೆಯಲ್ಲವೆ?