ಗಂಡುಮಗುವಿಗೆ ಮರಳಿ ಮರಳಿ ಸೋಂಕು: ಕಾರಣವೇನು, ಪರಿಹಾರವೇನು?

ಮಗು ಗರ್ಭದಲ್ಲಿರುವಾಗ ತಾಯಿಯ ರಕ್ತದಿಂದ ಪ್ರತಿಕಾಯಗಳೆಂಬ ರಕ್ಷಕ ವಸ್ತುಗಳು ಅದಕ್ಕೆ ದೊರೆಯುತ್ತವೆ. ಜನಿಸಿದ ಮೇಲೆ ಸುಮಾರು ಆರು ತಿಂಗಳು ಇವೇ ಅದನ್ನು ರೋಗಾಣುಗಳಿಂದ ಕಾಪಾಡುವುವು. ಅನಂತರ ಮಗುವಿನ ದೇಹವೇ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಬೇಕು. ಅತಿ ವಿರಳವಾಗಿ ಕೆಲವು ಗಂಡುಮಕ್ಕಳಿಗೆ ಈ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ. ಈ ಕೊರತೆಯನ್ನು 1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡನ್ ಬ್ರೂಟನ್ ಅವರು ಎಂಟು ವರ್ಷದ ಬಾಲಕನೊಬ್ಬನಲ್ಲಿ ಗುರುತಿಸಿದರು.

ನೆಗಡಿ, ಕೆಮ್ಮು ಎಲ್ಲ ಮಕ್ಕಳಿಗೂ ಬರುತ್ತವೆ. ಅದಕ್ಕಾಗಿ ಗಾಬರಿ ಬೇಡ. ಆದರೆ ಆರು ತಿಂಗಳು ತುಂಬಿದ ಮೇಲೆ ಕಿವಿ ಸೋರುವುದು, ನ್ಯುಮೋನಿಯಾ, ಭೇದಿ ಇವು ಪದೇ ಪದೇ ಕಾಣಿಸಿಕೊಂಡರೆ, ಔಷಧಿ ನಿಲ್ಲಿಸಿದೊಡನೆ ಮರುಕಳಿಸಿದರೆ, ಮಗುವಿನ ತೂಕ ಏರದಿದ್ದರೆ ಉದಾಸೀನ ಮಾಡದೆ ವೈದ್ಯರಿಗೆ ತೋರಿಸಿರಿ. ಮಗುವಿನ ಸೋದರಮಾವನಾಗಲಿ, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳಾಗಲಿ ಎಳವೆಯಲ್ಲೇ ಸೋಂಕಿನಿಂದ ತೀರಿಕೊಂಡಿದ್ದರೆ ಅದನ್ನೂ ಮರೆಮಾಚದೆ ತಿಳಿಸಿರಿ. ರಕ್ತಪರೀಕ್ಷೆಯಿಂದ ರೋಗವನ್ನು ಕಂಡುಹಿಡಿಯಬಹುದು.

ಇದು ಶಾಪವಲ್ಲ, ದೃಷ್ಟಿದೋಷವಲ್ಲ. ಇದಕ್ಕೆ ಕಾರಣವಾದ ವಂಶವಾಹಿಯನ್ನು 1993ರಲ್ಲಿ ಪತ್ತೆಹಚ್ಚಲಾಯಿತು. ಅದು ಎಕ್ಸ್ ಎಂಬ ವರ್ಣತಂತುವಿನಲ್ಲಿದೆ. ಹೆಣ್ಣಿನಲ್ಲಿ ಇಂತಹ ವರ್ಣತಂತು ಎರಡಿರುವುದರಿಂದ ಒಂದರಲ್ಲಿ ದೋಷವಿದ್ದರೂ ಇನ್ನೊಂದು ರಕ್ಷಿಸುತ್ತದೆ. ಗಂಡಿನಲ್ಲಿ ಇರುವುದು ಒಂದೇ. ದೋಷವಾಹಕಳಾದ ತಾಯಿಯ ಪ್ರತಿಯೊಬ್ಬ ಮಗನಿಗೂ ರೋಗ ಬರುವ ಸಂಭವ ಅರ್ಧದಷ್ಟು; ಪ್ರತಿಯೊಬ್ಬ ಮಗಳೂ ವಾಹಕಳಾಗುವ ಸಂಭವ ಅರ್ಧದಷ್ಟು. ಕೆಲವೊಮ್ಮೆ ವಂಶದಲ್ಲಿ ಯಾರಿಗೂ ಇಲ್ಲದ ದೋಷ ಹೊಸದಾಗಿ ಉಂಟಾಗುವುದೂ ಉಂಟು. ತನಗೇ ಅರಿವಿಲ್ಲದ ದೋಷಕ್ಕಾಗಿ ತಾಯಿಯನ್ನು ನಿಂದಿಸುವುದು ಅನ್ಯಾಯ.

ರೋಗವನ್ನು ಬುಡಸಹಿತ ಕಿತ್ತುಹಾಕುವ ಗುಳಿಗೆಯಿಲ್ಲ. ಆದರೆ ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು, ಅಂದರೆ ಇಮ್ಯುನೋಗ್ಲಾಬ್ಯುಲಿನ್ ಔಷಧವನ್ನು, ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಿಗೊಮ್ಮೆ ರಕ್ತನಾಳದ ಮೂಲಕ ಕೊಡಲಾಗುತ್ತದೆ. ಇದು ಜೀವನಪರ್ಯಂತ ಬೇಕು. ಬೇಗನೆ ಆರಂಭಿಸಿ ತಪ್ಪದೆ ನಡೆಸಿದರೆ ಮಗು ಶಾಲೆಗೆ ಹೋಗಿ, ಬೆಳೆದು ದುಡಿಯಬಲ್ಲದು. ತಡವಾದರೆ ಶ್ವಾಸಕೋಶಗಳು ಶಾಶ್ವತವಾಗಿ ಕೆಡಬಹುದು.

ಇಂತಹ ಮಗುವಿಗೆ ಬಾಯಿಯ ಮೂಲಕ ಕೊಡುವ ಪೋಲಿಯೋ ಹನಿ ಹಾಕಿಸಕೂಡದು. ಮನೆಯ ಇತರ ಮಕ್ಕಳಿಗೆ ಯಾವ ಪೋಲಿಯೋ ಲಸಿಕೆ ಸೂಕ್ತವೆಂದು ವೈದ್ಯರನ್ನು ಕೇಳಿರಿ. ಆದರೆ ಈ ಭಯದಿಂದ ಆರೋಗ್ಯವಂತ ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ.

ಮನೆಯಲ್ಲಿ ಒಬ್ಬ ಮಗನಿಗೆ ಈ ರೋಗವಿದ್ದರೆ, ಮುಂದಿನ ಮಗುವನ್ನು ಬಯಸುವ ಮುನ್ನವೇ ಪತಿಪತ್ನಿಯರಿಬ್ಬರೂ ವೈದ್ಯರ ಸಲಹೆ ಪಡೆಯಿರಿ. ತಾಯಿಯು ವಾಹಕಳೇ ಎಂಬುದನ್ನು ಪರೀಕ್ಷೆಯಿಂದ ತಿಳಿಯಬಹುದು. ಅಲ್ಲಿಯವರೆಗೆ ಗರ್ಭಧಾರಣೆಯನ್ನು ಮುಂದೂಡುವ ಸಾಧನಗಳು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದೊರೆಯುತ್ತವೆ.