ನಿಮಗಿದು ಗೊತ್ತೆ? ಪರದೇಶದ ಕ್ಯಾಂಪಸ್‌, ತವರಿನ ಪಾಸ್‌ವರ್ಡ್‌

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿ ಜರ್ಮನಿಯ ವಿಶ್ವವಿದ್ಯಾಲಯಕ್ಕೆ ಹೋದರೆ ಅಲ್ಲಿನ ವೈಫೈಯನ್ನು ಫೋನ್‌ ತಾನಾಗಿಯೇ ಹಿಡಿಯಬಹುದು. ಇದು ‘ಎಜುರೋಮ್‌’ ವ್ಯವಸ್ಥೆ. 2002ರಲ್ಲಿ ನೆದರ್ಲೆಂಡ್ಸ್‌ನ ಕ್ಲಾಸ್‌ ವಿಯರೆಂಗಾ ಮುಂದಿಟ್ಟ ಈ ಯೋಚನೆ ಈಗ 100ಕ್ಕೂ ಹೆಚ್ಚು ದೇಶಗಳಲ್ಲಿ ಜಾರಿಯಲ್ಲಿದೆ. ಸ್ವಾರಸ್ಯವೆಂದರೆ, ಆತಿಥೇಯ ಕ್ಯಾಂಪಸ್‌ಗೆ ನಿಮ್ಮ ಪಾಸ್‌ವರ್ಡ್‌ ತಿಳಿಯುವುದೇ ಇಲ್ಲ! ಬಳಕೆದಾರರ ಹೆಸರಿನಲ್ಲಿ ‘ಅಟ್‌’ (@) ಚಿಹ್ನೆಯ ನಂತರ ಬರುವ ಸಂಸ್ಥೆಯ ವಿಳಾಸವನ್ನಷ್ಟೇ ನೋಡಿ, ಗೂಢಲಿಪಿಯಲ್ಲಿರುವ ವಿವರವನ್ನು ಅದು ತವರು ಸಂಸ್ಥೆಗೆ ದಾಟಿಸುತ್ತದೆ. ‘ಹೌದು, ನಮ್ಮವರೇ’ ಎಂಬ ಉತ್ತರ ಬಂದರಷ್ಟೇ ಸಂಪರ್ಕ.

ಇ-ಜರ್ನಲ್‌ಗಳಿಗೂ ಇಂಥದೇ ಏರ್ಪಾಡಿದೆ: ಗುಜರಾತಿನ ಗಾಂಧಿನಗರದ ಇನ್‌ಫ್ಲಿಬ್‌ನೆಟ್‌ ಕೇಂದ್ರ ನಡೆಸುವ ‘ಇನ್‌ಫೆಡ್‌’. ಸದಸ್ಯ ಸಂಸ್ಥೆಯ ಲಾಗಿನ್‌ ಇದ್ದರೆ, ಅದು ಚಂದಾ ಕಟ್ಟಿದ ಜರ್ನಲ್‌ಗಳನ್ನು ಮನೆಯಲ್ಲೇ ಕೂತು ಓದಬಹುದು. ನಿಮ್ಮ ಕಾಲೇಜಿಗೆ ಈ ಸೌಲಭ್ಯವಿದೆಯೇ? ಗ್ರಂಥಪಾಲಕರನ್ನೊಮ್ಮೆ ಕೇಳಿ ನೋಡಿ.