ಛಾವಣಿಯ ಬಿಸಿಲಿಗೆ ನಗರಸಭೆಯ ಅಪ್ಪಣೆ

ಮನೆಯ ಛಾವಣಿಯ ಮೇಲೆ ಸೌರಫಲಕಗಳನ್ನು ಕೂರಿಸಲು ಕೆಲವು ದಿನ ಸಾಕು. ಅದಕ್ಕೆ ಅಪ್ಪಣೆ ಪಡೆಯಲು ವಾರಗಳೇ ಬೇಕು. ಅಮೆರಿಕದ ಅನೇಕ ನಗರಗಳ ಅನುಭವವಿದು. ಕಾದು ಬೇಸತ್ತು ಕೈಬಿಟ್ಟವರೂ ಉಂಟು. ಅಷ್ಟು ದಿನ ನಗರಸಭೆಯವರು ಪರೀಕ್ಷಿಸುವುದಾದರೂ ಏನನ್ನು?

ಒಂದು ಉದಾಹರಣೆಯನ್ನು ನೋಡೋಣ. ಅಲ್ಲಿನ ಮನೆಗಳ ವಿದ್ಯುತ್ ಪೆಟ್ಟಿಗೆಯೊಳಗೆ, ಪ್ರವಾಹವನ್ನು ಹಂಚುವ ಲೋಹದ ಪಟ್ಟಿಯೊಂದಿದೆ. ಅದರ ತಾಳಿಕೆ 200 ಆಂಪಿಯರ್ ಎಂದಿಟ್ಟುಕೊಳ್ಳೋಣ. ಬೀದಿಯ ತಂತಿಯ ಪ್ರವಾಹದ ಜೊತೆಗೆ ಛಾವಣಿಯ ಪ್ರವಾಹವೂ ಮಿತಿಮೀರಿ ಅದರೊಳಗೆ ಹರಿದರೆ ಪಟ್ಟಿ ಕಾದು ಅಪಾಯವಾದೀತು. ಆದುದರಿಂದ ಎರಡು ಕಡೆಯ ಬ್ರೇಕರುಗಳ ಮೊತ್ತವು ಆ ತಾಳಿಕೆಯ ಶೇಕಡ 120ನ್ನು, ಎಂದರೆ 240 ಆಂಪಿಯರನ್ನು, ಮೀರಬಾರದೆಂಬ ನಿಯಮವನ್ನು ಅನುಸರಿಸುತ್ತಾರೆ. ಮುಖ್ಯ ಬ್ರೇಕರಿಗೆ 200 ಸಂದರೆ ಸೂರ್ಯನ ಪಾಲಿಗೆ ಉಳಿಯುವುದು 40. ಈ ಎರಡೂ ಪಟ್ಟಿಯ ಎದುರು ಬದುರು ತುದಿಗಳಲ್ಲಿರಬೇಕು. ಇಷ್ಟು ಲೆಕ್ಕಕ್ಕೆ ಕಡತವು ಮೇಜಿನಿಂದ ಮೇಜಿಗೆ ಅಲೆಯಬೇಕೆ?

ಬೇಡವೆಂದು ತೋರಿಸಿಕೊಟ್ಟವರು ಅಲ್ಲಿನ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿಯ ಪ್ರಯೋಗಾಲಯದವರು. ಇಂಥ ಲೆಕ್ಕಗಳನ್ನು ತಾನೇ ಮಾಡಿ, ಸರಿಯಿದ್ದರೆ ಒಡನೆಯೇ ಅಪ್ಪಣೆ ನೀಡುವ ‘ಸೋಲಾರ್ ಆ್ಯಪ್ ಪ್ಲಸ್’ ಎಂಬ ಗಣಕ ವ್ಯವಸ್ಥೆಯನ್ನು ಅವರು 2021ರಲ್ಲಿ ನಗರಸಭೆಗಳಿಗೆ ಒದಗಿಸಿದರು. ಮೊದಲು ಅಳವಡಿಸಿಕೊಂಡ ನಗರಗಳಲ್ಲಿ ಅರಿಝೋನದ ಟೂಸಾನ್ ಒಂದು. ಬಹುಪಾಲು ನಗರಗಳು ಇಂಥದೊಂದು ವ್ಯವಸ್ಥೆಯನ್ನು ಹೊಂದಲೇಬೇಕೆಂದು ಕ್ಯಾಲಿಫೋರ್ನಿಯ ರಾಜ್ಯವು 2022ರಲ್ಲಿ ಕಾನೂನನ್ನೇ ಮಾಡಿತು.

ಆದರೆ ಗಣಕಕ್ಕೆ ಕಾಣುವುದು ಗುತ್ತಿಗೆದಾರನು ತುಂಬಿದ ಅಂಕೆಗಳು ಮಾತ್ರ. ಸಡಿಲವಾದ ತಿರುಪು, ಗೆದ್ದಲು ಹಿಡಿದ ತೊಲೆ ಅದರ ಕಣ್ಣಿಗೆ ಬೀಳವು. ಕೆಲಸ ಮುಗಿದ ಮೇಲೆ ಅಧಿಕಾರಿಯು ಸ್ಥಳಕ್ಕೆ ಬಂದು ನೋಡುವ ಪದ್ಧತಿಯನ್ನು ಅಲ್ಲಿ ಕೈಬಿಟ್ಟಿಲ್ಲ. ಬಿಡಲೂಬಾರದೆಂದು ನಾವು ಭಾವಿಸುತ್ತೇವೆ.